ಬೀದಿಯ ಬಾಣಲೆಯೂ ಸರಕಾರದ ಸೌಟೂ

ಸಾಯಂಕಾಲ ಐದಕ್ಕೆ ನಮ್ಮ ಕಾಲೇಜಿನ ಕೊನೆಯ ಗಂಟೆ ಬಾರಿಸುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಹೆಬ್ಬಾಗಿಲಿನ ಎದುರು, ಬೇವಿನ ಮರದ ಕೆಳಗೆ, ಒಂದು ಬಾಣಲೆಯಲ್ಲಿ ಎಣ್ಣೆ ಕಾದು, ಕಡಲೆಹಿಟ್ಟಿನಲ್ಲಿ ಅದ್ದಿದ ಮೊದಲ ಮೆಣಸಿನಕಾಯಿ ಚೊಂಯ್ ಎಂದು ಅದರೊಳಕ್ಕೆ ಬೀಳುತ್ತದೆ. ಈ ಎರಡು ಸದ್ದುಗಳಲ್ಲಿ ಯಾವುದು ವಿದ್ಯಾರ್ಥಿಗಳನ್ನು ತರಗತಿಯಿಂದ ಎಬ್ಬಿಸುತ್ತದೆಂಬ ವಿಷಯದಲ್ಲಿ, ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನನಗೆ ಯಾವ ಭ್ರಮೆಯೂ ಉಳಿದಿಲ್ಲ. ರನ್ನನ ಗದಾಯುದ್ಧ ನಡೆಯುತ್ತಿರುವಾಗ, ಭೀಮನು ಇನ್ನೇನು ಗರ್ಜಿಸಬೇಕು ಎನ್ನುವಾಗ, ಕಿಟಕಿಯಿಂದ ಮಿರ್ಚಿಯ ವಾಸನೆ ತೇಲಿಬಂದಿತೆಂದರೆ ಮುಗಿಯಿತು. ದುರ್ಯೋಧನನು ವೈಶಂಪಾಯನ ಸರೋವರದಲ್ಲಿಯೇ ಮರುದಿನದವರೆಗೆ ಕುಳಿತಿರಬೇಕಾಗುತ್ತದೆ.

ನಮ್ಮದು ನಡುನಾಡಿನ ಒಂದು ಪಟ್ಟಣ. ಮಂಡಕ್ಕಿ ಮಿರ್ಚಿಯೆಂದರೆ ಇಲ್ಲಿಯವರಿಗೆ ಬರಿಯ ತಿಂಡಿಯಲ್ಲ, ಸಾಯಂಕಾಲವೆಂಬುದರ ಮತ್ತೊಂದು ಹೆಸರು. ಬೇವಿನ ಮರದ ಕೆಳಗಿನ ತಳ್ಳುಗಾಡಿಯ ಒಡತಿಯನ್ನು ಹುಡುಗರು ‘ಅಕ್ಕ’ ಎನ್ನುತ್ತಾರೆ. ಅವರ ತಂದೆಯರು ಇದೇ ಕಾಲೇಜಿನಲ್ಲಿ ಓದುತ್ತಿದ್ದಾಗಲೂ ಆಕೆ ‘ಅಕ್ಕ’ನೇ ಆಗಿದ್ದಳು. ಗಂಡ ತೀರಿಕೊಂಡ ಮೇಲೆ ಗಾಡಿ ಹಿಡಿದವಳು. ಒಬ್ಬ ಮಗನನ್ನು ಈ ಬಾಣಲೆಯಿಂದಲೇ ಐ.ಟಿ.ಐ.ವರೆಗೆ ಓದಿಸಿದಳು. ನಮ್ಮ ಕಾಲೇಜು ಕೆಲವರಿಗೆ ಪದವಿಯನ್ನು ಕೊಟ್ಟಿರಬಹುದು. ಸಂಜೆಯ ಹಸಿವಿಗೆ ಹತ್ತು ರೂಪಾಯಿಯಲ್ಲಿ ಉತ್ತರ ಕೊಟ್ಟವಳು ಆಕೆ.

ಒಮ್ಮೆ ಹೀಗಾಯಿತು. ಆಕೆ ಕಟ್ಟಿಕೊಟ್ಟ ಎರಡು ಮಿರ್ಚಿಗಳನ್ನು ಮನೆಗೆ ತಂದು ಬಿಚ್ಚಿದೆ. ಹಾಳೆಯ ಮೇಲೆ ಪರಿಚಿತವಾದ ಒಂದು ವಾಕ್ಯ ಕಣ್ಣಿಗೆ ಬಿತ್ತು. ಯಾರೋ ಬಲು ಸೊಗಸಾಗಿ ಬರೆದಿದ್ದಾರಲ್ಲ ಎಂದುಕೊಂಡು ನೋಡುತ್ತೇನೆ, ಅದು ನಾನೇ ಷಡಕ್ಷರದೇವನನ್ನು ಕುರಿತು ಇಂಥದೇ ಒಂದು ಭಾನುವಾರದ ಪುಟಕ್ಕೆ ಬರೆದಿದ್ದ ಲೇಖನ! ಎಣ್ಣೆ ಹೀರಿ ಹಾಳೆ ಪಾರದರ್ಶಕವಾಗಿತ್ತು. ಹಿಂದಿನ ಪುಟದ ಎಮ್ಮೆಯ ಹಿಂಡಿಯ ಜಾಹೀರಾತು ನನ್ನ ಅಲಂಕಾರ ವಿವೇಚನೆಯೊಡನೆ ಏಕೀಭವಿಸಿತ್ತು. ಮನೆಯಾಕೆ ನೋಡಿ, “ಅಂತೂ ನಿಮ್ಮ ಬರವಣಿಗೆ ನಾಲ್ಕು ಜನರ ಬಾಯಿಗೆ ಬಿತ್ತು” ಎಂದಳು. ನಾನು ನಕ್ಕೆ. ಆದರೆ ಆಗ ನನಗೆ ತಿಳಿಯದಿದ್ದ ಸಂಗತಿಯೊಂದಿದೆ: ಆ ನಗೆಯ ವಸ್ತುವು ಕಾನೂನಿನ ಕಣ್ಣಿನಲ್ಲಿ ಅಪರಾಧ. ಅಚ್ಚಿನ ಮಸಿಯಲ್ಲಿರುವ ಬಣ್ಣಗಳೂ ದ್ರಾವಕಗಳೂ ಸೀಸದಂಥ ಲೋಹಗಳೂ ಬಿಸಿ ಎಣ್ಣೆಯೊಡನೆ ಕೂಡಿ ತಿಂಡಿಗೆ ಇಳಿಯುತ್ತವೆಂಬ ಕಾರಣದಿಂದ, ಆಹಾರವನ್ನು ವೃತ್ತಪತ್ರಿಕೆಯಲ್ಲಿ ಕಟ್ಟಕೂಡದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿ ಎಚ್ಚರಿಕೆ ಹೇಳಿತು. 2018ರಲ್ಲಿ ಅದನ್ನು ನಿಯಮವಾಗಿಯೇ ಮಾಡಿತು. ಈ ಪುರವಣಿಯ ಹಾಳೆಗೂ ಆ ನಿಯಮ ಅನ್ವಯಿಸುತ್ತದೆ. ಓದಿ ಮುಗಿಸಿದವರು ಇದನ್ನು ಬೇರೆ ಯಾವುದಕ್ಕಾದರೂ ಬಳಸಬೇಕೆಂದು ಪ್ರಾರ್ಥನೆ.

ಬೀದಿಯ ತಿಂಡಿಯ ಮೇಲೆ ಅರಸರ ಕಣ್ಣು ಬಿದ್ದದ್ದು ಇಂದು ನಿನ್ನೆಯದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣಕ್ಕೆ ‘ಕಂಟಕಶೋಧನ’ವೆಂದು ಹೆಸರು. ರಾಜ್ಯದ ಕಾಲಿಗೆ ಚುಚ್ಚುವ ಮುಳ್ಳುಗಳನ್ನು ಹುಡುಕಿ ಕೀಳುವ ಪ್ರಕರಣವದು. ಅಲ್ಲಿ ವ್ಯಾಪಾರಿಗಳ ವಿಷಯ ಬಂದಾಗ, ಧಾನ್ಯ, ಎಣ್ಣೆ, ಕ್ಷಾರ, ಉಪ್ಪು, ಸುಗಂಧ, ಔಷಧಗಳಲ್ಲಿ ಕೀಳು ಪದಾರ್ಥವನ್ನು ಬೆರೆಸಿದವನಿಗೆ ಹನ್ನೆರಡು ಪಣಗಳ ದಂಡವನ್ನು ವಿಧಿಸಿದೆ. ಸ್ವತಂತ್ರ ಭಾರತವು 1954ರಲ್ಲಿ ಆಹಾರ ಕಲಬೆರಕೆ ತಡೆ ಕಾಯಿದೆಯನ್ನು ಮಾಡಿ ಮರುವರ್ಷದ ಜೂನ್ ತಿಂಗಳಿನಿಂದ ಜಾರಿಗೆ ತಂದಿತು. ಆ ಕಾಯಿದೆಯ ದೃಷ್ಟಿಯೂ ಬಹುಮಟ್ಟಿಗೆ ಮುಳ್ಳು ಕೀಳುವ ದೃಷ್ಟಿಯೇ: ಕಲಬೆರಕೆ ಮಾಡಿದವನನ್ನು ಹಿಡಿ, ನ್ಯಾಯಾಲಯಕ್ಕೆ ಎಳೆ. ಅರ್ಧಶತಮಾನದ ತರುವಾಯ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು, 2011ರ ಆಗಸ್ಟಿನಲ್ಲಿ ಅದರ ನಿಯಮಗಳು ಜಾರಿಯಾದಾಗ, ಹಳೆಯದನ್ನು ಬದಿಗೆ ಸರಿಸಿತು. ಹೊಸದರ ವಿಶೇಷವೇನೆಂದರೆ, ತಪ್ಪು ನಡೆದ ಮೇಲೆ ಹಿಡಿಯುವುದಕ್ಕಿಂತ ಮೊದಲು, ಆಹಾರ ಮಾರುವವರೆಲ್ಲರೂ ಸರಕಾರದ ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳಲಿ ಎಂದಿತು. ದೊಡ್ಡವರಿಗೆ ಪರವಾನಗಿ, ಸಣ್ಣವರಿಗೆ ನೋಂದಣಿ. ವರ್ಷಕ್ಕೆ 12 ಲಕ್ಷ ರೂಪಾಯಿಗೆ ಮೀರದ ವಹಿವಾಟಿನವರು ಸಣ್ಣವರೆಂದೂ, ಅವರು ಕಟ್ಟಬೇಕಾದ್ದು ವರ್ಷಕ್ಕೆ 100 ರೂಪಾಯಿಯೆಂದೂ 2011ರ ಆ ನಿಯಮಾವಳಿಯಲ್ಲಿ ಬರೆದರು. ತಳ್ಳುಗಾಡಿ, ತಲೆಹೊರೆ, ಬುಟ್ಟಿ ವ್ಯಾಪಾರ, ಜಾತ್ರೆಯ ಮಿಠಾಯಿ ಅಂಗಡಿ, ಎಲ್ಲವೂ ಅದರೊಳಗೆ ಬಂದವು.

ಆ ನಿಯಮಾವಳಿಯ ನಾಲ್ಕನೆಯ ಅನುಸೂಚಿಯನ್ನು ನಾನು ಕುತೂಹಲಕ್ಕಾಗಿ ಓದಿದೆ. ಶುಷ್ಕವಾದ ಗದ್ಯವೇ ನಿಜ. ಆದರೆ ಓದುತ್ತ ಹೋದಂತೆ ಒಬ್ಬ ಕಟ್ಟುನಿಟ್ಟಾದ ಅತ್ತೆಯ ದನಿ ಅದರೊಳಗಿಂದ ಕೇಳಿಬರುತ್ತದೆ. ಗಾಡಿಯ ಮೇಲ್ಮೈ ನೀರು ಹೀರದಂಥದಾಗಿರಬೇಕು, ನೆಲದಿಂದ 60-70 ಸೆಂಟಿಮೀಟರು ಎತ್ತರದಲ್ಲಿರಬೇಕು, ಕಸದ ಡಬ್ಬಿಗೆ ಮುಚ್ಚಳವಿರಬೇಕು, ಉಗುರು ಕತ್ತರಿಸಿರಬೇಕು, ಕೈಗೆ ಗಾಯವಾದವರೂ ಸೋಂಕುರೋಗವಿರುವವರೂ ಆಹಾರ ಮುಟ್ಟಕೂಡದು, ಅಡುಗೆಯ ಹತ್ತಿರ ಉಗುಳಬಾರದು, ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕು. ಇದರಲ್ಲಿ ತಪ್ಪೇನಿದೆ? ನಮ್ಮ ಅಜ್ಜಿಯರು ಮಡಿಯ ಹೆಸರಿನಲ್ಲಿ ಹೇಳುತ್ತಿದ್ದುದರಲ್ಲಿ ವಿವೇಕದ ಭಾಗ ಇದೇ. ಅವಿವೇಕದ ಭಾಗವನ್ನು ಕಾಯಿದೆ ಬಿಟ್ಟಿದೆ. ಮುಟ್ಟುವ ಕೈ ಯಾರದೆಂದು ಅದು ಕೇಳುವುದಿಲ್ಲ, ತೊಳೆದಿದೆಯೆ ಎಂದಷ್ಟೇ ಕೇಳುತ್ತದೆ. ಈ ಒಂದು ಕಾರಣಕ್ಕಾಗಿಯೇ ನನಗೆ ಆ ಅನುಸೂಚಿಯ ಮೇಲೆ ಗೌರವ ಹುಟ್ಟಿತು.

ಆದರೆ ‘ಕುಡಿಯಲು ಯೋಗ್ಯವಾದ ನೀರು’ ಎಂಬ ಮಾತಿನ ಹತ್ತಿರ ನಾನು ನಿಂತುಬಿಟ್ಟೆ. ಬೇವಿನ ಮರದ ಕೆಳಗೆ ನಲ್ಲಿಯಿಲ್ಲ. ಅಕ್ಕ ಎರಡು ಕೊಡ ನೀರನ್ನು ಮೂರು ಬೀದಿಯಾಚೆಯ ಕೊಳಾಯಿಯಿಂದ ಹೊತ್ತು ತರುತ್ತಾಳೆ. ಒಂದು ಕೊಡ ಹಿಟ್ಟು ಕಲಸುವುದಕ್ಕೂ ಕುಡಿಯುವವರಿಗೂ. ಇನ್ನೊಂದು ಬಕೆಟ್ಟಿಗೆ ಸುರಿದು ತಟ್ಟೆ ತೊಳೆಯುವುದಕ್ಕೆ. ಆ ಬಕೆಟ್ಟಿನ ನೀರು ಐದು ಗಂಟೆಗೆ ತಿಳಿಯಾಗಿರುತ್ತದೆ, ಆರಕ್ಕೆ ಮಬ್ಬಾಗುತ್ತದೆ, ಏಳು ಗಂಟೆಯ ಹೊತ್ತಿಗೆ ಅದರ ಬಣ್ಣವನ್ನು ವರ್ಣಿಸಲು ನಮ್ಮ ಕವಿಗಳ ಅಷ್ಟಾದಶ ವರ್ಣನೆಗಳೂ ಸಾಲವು. ಏಳರ ನಂತರ ಬರುವ ವಿದ್ಯಾರ್ಥಿಗೆ ತಟ್ಟೆಯೊಡನೆ ಅದಕ್ಕೆ ಮೊದಲಿನ ನೂರು ಜನರ ಎಂಜಲೂ ತುಸು ತುಸು ಸಿಕ್ಕುತ್ತದೆ. ಇದು ಆಕೆಯ ಸೋಮಾರಿತನವಲ್ಲ. ಮೂರನೆಯ ಕೊಡ ತರಲು ಹೋದರೆ ಬಾಣಲೆಯ ಮುಂದೆ ನಿಲ್ಲುವವರಿಲ್ಲ.

ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯನು ಬರೆದ ‘ಲೋಕೋಪಕಾರ’ವೆಂಬ ಗ್ರಂಥವನ್ನು ಕನ್ನಡ ವಿದ್ಯಾರ್ಥಿಗಳು ಹೆಸರಿನಿಂದಲಾದರೂ ಬಲ್ಲರು. ಅದರಲ್ಲಿ ಅಡುಗೆಯನ್ನು ಕುರಿತ ಸೂಪಶಾಸ್ತ್ರದ ಅಧ್ಯಾಯವಿದೆ. ನೆಲದಡಿಯ ನೀರನ್ನು ಕಂಡುಹಿಡಿಯುವ ಉದಕಾರ್ಗಳದ ಅಧ್ಯಾಯವೂ ಇದೆ. ಒಂದೇ ಹೊತ್ತಗೆಯಲ್ಲಿ ಎರಡನ್ನೂ ಇಟ್ಟ ಆ ಹಳಬನ ಜಾಣ್ಮೆಗೆ ನಾನು ತಲೆದೂಗುತ್ತೇನೆ. ಈಗಿನ ನಮ್ಮ ಏರ್ಪಾಟಿನಲ್ಲಿ ಅಡುಗೆಯ ಅಧ್ಯಾಯ ಒಂದು ಇಲಾಖೆಯಲ್ಲಿದೆ, ನೀರಿನ ಅಧ್ಯಾಯ ಮತ್ತೊಂದರಲ್ಲಿದೆ. ತಟ್ಟೆ ಕೊಳಕಾಗಿದೆಯೆಂದು ಬರೆದುಕೊಳ್ಳುವ ಅಧಿಕಾರಿಗೆ ನಲ್ಲಿ ಹಾಕಿಸುವ ಅಧಿಕಾರವಿಲ್ಲ. ನಲ್ಲಿ ಹಾಕಿಸಬಲ್ಲವರಿಗೆ ತಟ್ಟೆಯ ಚಿಂತೆಯಿಲ್ಲ.

ಇತರ ದೇಶಗಳಲ್ಲಿ ಹೇಗೆಂದು ವಿಚಾರಿಸಿದರೆ ಕೆಲವು ಸಂಗತಿಗಳು ತಿಳಿದುಬರುತ್ತವೆ. ಸಿಂಗಪುರದಲ್ಲಿ 1968-69ರಲ್ಲಿ ಬೀದಿ ವ್ಯಾಪಾರಿಗಳೆಲ್ಲರ ಹೆಸರನ್ನು ಬರೆದುಕೊಂಡರು. ಬರೆದುಕೊಂಡು ಸುಮ್ಮನಾಗಲಿಲ್ಲ. ನಲ್ಲಿ, ಚರಂಡಿ, ದೀಪ, ಕಸದ ವ್ಯವಸ್ಥೆ ಇರುವ ಕಟ್ಟಡಗಳನ್ನು ಕಟ್ಟುತ್ತ, ಬೀದಿಯಲ್ಲಿದ್ದವರನ್ನು ಅವುಗಳೊಳಕ್ಕೆ ಸಾಗಿಸುತ್ತ, 1986ರ ಹೊತ್ತಿಗೆ ಆ ಕೆಲಸವನ್ನು ಮುಗಿಸಿದರು. ಬೀದಿಯ ಸ್ವಾತಂತ್ರ್ಯ ಹೋಯಿತೆಂದು ಮರುಗಿದವರೂ ಅಲ್ಲಿದ್ದಿರಬೇಕು. ಆದರೆ ಅಡುಗೆ ಸಾಯಲಿಲ್ಲ. 2020ರಲ್ಲಿ ಆ ಬೀದಿಯಡುಗೆಯ ಸಂಸ್ಕೃತಿಯನ್ನು ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ತಿಂಡಿಯನ್ನು ಲಾರಿಗಳಲ್ಲಿಯೇ ಬೇಯಿಸಿ ಮಾರುತ್ತಾರೆ. ಈಗ ನಮ್ಮ ಬೆಂಗಳೂರಿನಲ್ಲಿಯೂ ‘ಫುಡ್ ಟ್ರಕ್’ ಎಂಬ ಹೆಸರಿನಿಂದ ಕಾಣುವಂಥವೇ. ಅಲ್ಲಿಯ ಕಾನೂನಿನಲ್ಲಿ ಲಾರಿಯೊಳಗೆ ಕೈತೊಳೆಯುವ ತೊಟ್ಟಿ, ಬಿಸಿನೀರು, ದಿನದ ಕೊನೆಗೆ ತೊಳೆದು ನಿಲ್ಲಿಸಲು ಒಪ್ಪಿಗೆ ಪಡೆದ ನೆಲೆ, ಇವೆಲ್ಲ ಇರಬೇಕೆಂದಿದೆ. ಲಾಸ್ ಏಂಜಲೀಸ್ ಪ್ರಾಂತದಲ್ಲಂತೂ 2010ರಿಂದ ಲಾರಿಗಳಿಗೂ ಹೋಟೆಲುಗಳಿಗಿರುವಂತೆ ಶುಚಿತ್ವದ ದರ್ಜೆಯ ಅಕ್ಷರವನ್ನು ಅಂಟಿಸಲು ತೊಡಗಿದರು. ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಒಂದು ಸಣ್ಣ ನಿಯಮ. ತಿಂಡಿಯ ಲಾರಿ ಒಂದೆಡೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲುವುದಾದರೆ, 200 ಅಡಿಯೊಳಗೆ ಕೆಲಸದವರು ಬಳಸಬಹುದಾದ ಶೌಚಾಲಯವೂ ಕೈತೊಳೆಯುವ ಅನುಕೂಲವೂ ಇರಬೇಕು.

ಭಾನುವಾರದ ಸಾಹಿತ್ಯ ಪುಟದಲ್ಲಿ ಶೌಚಾಲಯದ ಮಾತೇ ಎಂದು ಕೆಲವರು ಹುಬ್ಬೇರಿಸಬಹುದು. ಏರಿಸಲಿ. ನಮ್ಮ ಅಕ್ಕ ಮಧ್ಯಾಹ್ನ ಮೂರಕ್ಕೆ ಗಾಡಿ ತಂದು ನಿಲ್ಲಿಸಿ ರಾತ್ರಿ ಒಂಬತ್ತಕ್ಕೆ ಹಿಂದಿರುಗುತ್ತಾಳೆ. ಆರು ಗಂಟೆಗಳ ಕಾಲ ಆಕೆ ನೀರು ಕುಡಿಯುವುದಿಲ್ಲವೆಂಬುದನ್ನು ನಾನು ಎಷ್ಟೋ ವರ್ಷ ಗಮನಿಸಿರಲಿಲ್ಲ. ನಮ್ಮ ವಿದ್ಯಾರ್ಥಿನಿಯೊಬ್ಬಳು ಹೇಳಿದ ಮೇಲೆ ತಿಳಿಯಿತು. ಕುಡಿದರೆ ಹೋಗುವುದೆಲ್ಲಿಗೆ? ಕೈಯ ಶುಚಿಯನ್ನು ಕುರಿತು ಬರೆಯುವವರು ಆ ಕೈಯ ಒಡತಿಯ ದೇಹಕ್ಕೂ ಒಂದು ಹೊತ್ತುಗೊತ್ತು ಇದೆಯೆಂಬುದನ್ನು ಆ 200 ಅಡಿಯವರಂತೆ ನೆನೆಯಬೇಡವೆ?

ಹೀಗೆಂದ ಮಾತ್ರಕ್ಕೆ ನಾನು ಬೀದಿಯವರ ಪರವಾಗಿ ವಕಾಲತ್ತು ಹಿಡಿದಿದ್ದೇನೆಂದು ಯಾರೂ ತಿಳಿಯಬಾರದು. ಬಣ್ಣದ ವಿಷಯಕ್ಕೆ ಬಂದರೆ ನಾನು ಸರಕಾರದ ಪಕ್ಷ, ಸಂಪೂರ್ಣವಾಗಿ.

2024ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿಯಲ್ಲಿಯೂ ಮಕ್ಕಳು ತಿನ್ನುವ ಬೊಂಬಾಯಿ ಮಿಠಾಯಿಯಲ್ಲಿಯೂ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಅದಕ್ಕೆ ಮೊದಲು ರಾಜ್ಯದಲ್ಲಿ ಗೋಬಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿಯೂ, ಮಿಠಾಯಿಯ 25ರಲ್ಲಿ 15ರಲ್ಲಿಯೂ ಅಪಾಯಕರವಾದ ಬಣ್ಣಗಳು ಕಂಡುಬಂದಿದ್ದವು. ಅವುಗಳಲ್ಲಿ ಒಂದು ರೋಡಮಿನ್-ಬಿ. ಅದು ಬಟ್ಟೆಗೆ ಹಾಕುವ ಬಣ್ಣ. ಆಹಾರಕ್ಕೆ ಎಂದೂ ಒಪ್ಪಿಗೆಯಿಲ್ಲದ್ದು. ಸೀರೆಯ ಅಂಚಿಗೆ ಶೋಭೆ ತರಬೇಕಾದ ಗುಲಾಬಿ ಮಗುವಿನ ನಾಲಗೆಯ ಮೇಲೆ ಮೂಡುವುದೆಂದರೆ! ಅದೇ ವರ್ಷ ಪಾನಿಪುರಿಯ ಮಾದರಿಗಳನ್ನೂ, ಕಬಾಬಿನ ಮಾದರಿಗಳನ್ನೂ ಪರೀಕ್ಷೆಗೆ ಒಡ್ಡಿದರು; ಅಲ್ಲಿಯೂ ಬಣ್ಣ ಸಿಕ್ಕಿತು, ಕಬಾಬಿಗೂ ನಿಷೇಧ ಬಂದಿತು. ನಮ್ಮ ದೇಶದಲ್ಲಿ ಆಹಾರಕ್ಕೆ ಒಪ್ಪಿರುವ ಕೃತಕ ಬಣ್ಣಗಳು ಎಂಟೇ ಎಂಟು. ಅವನ್ನೂ ಇಂತಿಂಥ ತಿನಿಸಿಗೆ, ಇಂತಿಷ್ಟೇ ಪ್ರಮಾಣದಲ್ಲಿ ಎಂದು ಗೊತ್ತುಮಾಡಿದೆ. ಬೀದಿಯಲ್ಲಿ ಅಳತೆಯೆಂದರೆ ಚಿಟಿಕೆ. ಯಾರ ಚಿಟಿಕೆ, ಎಷ್ಟು ದಪ್ಪ ಬೆರಳಿನದು ಎಂಬುದನ್ನು ಯಾವ ನಿಯಮಾವಳಿಯೂ ಹೇಳಲಾರದು.

ಇದರಲ್ಲಿ ನನ್ನನ್ನು ನಾಚಿಸುವ ಸಂಗತಿಯೆಂದರೆ, ಕೆಂಪಿಗೆ ಹೆಸರಾದ ನಾಡು ನಮ್ಮದು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿಯನ್ನು ಜಗತ್ತು ಕೊಳ್ಳುವುದು ಖಾರಕ್ಕಾಗಿ ಅಲ್ಲ, ಬಣ್ಣಕ್ಕಾಗಿ. ಅದರಿಂದ ತೆಗೆದ ಕೆಂಪು ಸತ್ತ್ವವು ದೇಶಾಂತರಗಳಿಗೆ ಹೋಗಿ ಅಲ್ಲಿಯ ತಿನಿಸುಗಳಿಗೂ ಅಲಂಕಾರ ಸಾಮಗ್ರಿಗಳಿಗೂ ರಂಗು ಕೊಡುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿತು. ಆ ಕೆಂಪು ಹಡಗು ಹತ್ತುವಾಗ, ಅದೇ ಜಿಲ್ಲೆಯ ಹೆದ್ದಾರಿಯ ಪಕ್ಕದ ಗಾಡಿಯಲ್ಲಿ ಹೂಕೋಸು ಬಟ್ಟೆಯ ಬಣ್ಣದಲ್ಲಿ ಮೀಯುತ್ತಿದ್ದರೆ ಏನೆನ್ನಬೇಕು? ಕಾರಣ ಗೂಢವಾದುದೇನಲ್ಲ. ಬ್ಯಾಡಗಿಯ ಕೆಂಪಿಗೆ ಬೆಲೆ ಹೆಚ್ಚು, ಹೊಳಪು ಕಡಿಮೆ. ಪೊಟ್ಟಣದ ಬಣ್ಣಕ್ಕೆ ಬೆಲೆ ಕಡಿಮೆ, ಹೊಳಪು ಹೆಚ್ಚು. ಗಿರಾಕಿ ದೂರದಿಂದಲೇ ಕಣ್ಣಿನಿಂದ ತಿನ್ನಲು ತೊಡಗುತ್ತಾನೆ. ನಿಷೇಧದ ಮರುವಾರ ನಮ್ಮೂರಿನ ಗಾಡಿಯೊಂದರಲ್ಲಿ ಗೋಬಿ ಮಂಕಾದ ಕಂದುಬಣ್ಣದಲ್ಲಿ ಕಾಣಿಸಿಕೊಂಡಿತು. ನಮ್ಮ ಹುಡುಗರು ಅದನ್ನು ನೋಡಿ, “ಇದೇಕೆ ಸಾರ್, ಜ್ವರ ಬಂದವರ ಹಾಗಿದೆ!” ಎಂದು ಮುಂದಕ್ಕೆ ನಡೆದರು. ಬಣ್ಣ ಹಾಕುವವನಿಗೆ ದಂಡ ವಿಧಿಸುವ ಕಾಯಿದೆಯಿದೆ. ಬಣ್ಣವಿಲ್ಲದ್ದನ್ನು ತಿರಸ್ಕರಿಸುವವನಿಗೆ ಯಾವ ಕಾಯಿದೆ?

ಎಣ್ಣೆಯ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಕಾಯಿಸಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ನೂರಕ್ಕೆ 25 ಭಾಗ ಮೀರಿದ ಮೇಲೆ ಅದನ್ನು ಬಳಸಕೂಡದೆಂದು 2018ರಿಂದ ನಿಯಮವಿದೆ. ಅಳೆಯುವ ಯಂತ್ರ ಗಾಡಿಯ ಮೇಲಿಲ್ಲ. ಅಕ್ಕನಿಗಿರುವುದು ಕಣ್ಣು ಮೂಗು. “ನೊರೆ ಎದ್ದರೆ ಚೆಲ್ಲಿಬಿಡ್ತೀನಿ ಮೇಷ್ಟ್ರೆ” ಎನ್ನುತ್ತಾಳೆ. ಎಲ್ಲರೂ ಚೆಲ್ಲುವರೆಂದು ನಾನು ಹೇಳಲಾರೆ. ಎಣ್ಣೆಯ ಬೆಲೆ ಗೊತ್ತಿದ್ದವರಾರೂ ಹೇಳಲಾರರು.

ಈಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಈ ಲೇಖನ ಬರೆಯಲು ಹೊರಟದ್ದೂ ಅದರ ದೆಸೆಯಿಂದಲೇ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ಜಾಣ ಹುಡುಗ ವಿಷಮಶೀತ ಜ್ವರದಿಂದ ಮಲಗಿದ. ಮೂರು ವಾರ ಅವನ ಜಾಗ ಬರಿದಾಗಿತ್ತು. ಒಂದು ದಿನವಂತೂ ಅವನ ತಂದೆ ಊರಿನಿಂದ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತದ್ದನ್ನು ನೋಡಿದೆ. ಮರುದಿನ ತರಗತಿಯಲ್ಲಿ ನಾನು ಕೆರಳಿ ಮಾತಾಡಿದೆ. ಕಾಲೇಜಿನ ಇನ್ನೊಂದು ಮಗ್ಗುಲಲ್ಲಿ ಉತ್ತರದ ಕಡೆಯಿಂದ ಬಂದ ಒಬ್ಬ ಯುವಕ ಪಾನಿಪುರಿಯ ಗಾಡಿ ನಿಲ್ಲಿಸುತ್ತಿದ್ದ. ಆ ಹುಡುಗ ಅಲ್ಲಿ ತಿನ್ನುತ್ತಿದ್ದನೆಂದು ಯಾರೋ ಹೇಳಿದ್ದರು. “ಆ ಕೈಯದ್ದಿದ ನೀರನ್ನು ಕುಡಿದು ಸಾಯಬೇಡಿ” ಎಂದುಬಿಟ್ಟೆ. ಕನ್ನಡ ಮೇಷ್ಟರ ಮಾತಿಗೆ ಎಂದೂ ಇಲ್ಲದ ಶಕ್ತಿ ಆ ದಿನ ಬಂದಿತು. ಎರಡು ವಾರದಲ್ಲಿ ಗಾಡಿಯ ಮುಂದೆ ನೊಣ ಬಿಟ್ಟರೆ ಯಾರೂ ಇರಲಿಲ್ಲ. ಮೂರನೆಯ ವಾರ ಗಾಡಿಯೂ ಇರಲಿಲ್ಲ.

ಹುಡುಗ ಗುಣವಾಗಿ ಬಂದ. ಅವನನ್ನು ನೋಡಿಕೊಂಡ ವೈದ್ಯರನ್ನು ಆಮೇಲೆ ಎಲ್ಲಿಯೋ ಕಂಡಾಗ ಕೇಳಿದೆ. ಅವರು ಸಾವಧಾನವಾಗಿ ಹೇಳಿದರು: ಆ ರೋಗಾಣು ಒಳಹೊಕ್ಕ ಮೇಲೆ ಜ್ವರ ತಲೆಯೆತ್ತಲು ಸಾಮಾನ್ಯವಾಗಿ ಒಂದೆರಡು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು, ಅಷ್ಟು ದಿನಗಳಲ್ಲಿ ಅವನು ಎಲ್ಲೆಲ್ಲಿ ನೀರು ಕುಡಿದನೆಂದು ಯಾರು ಹೇಳಬಲ್ಲರು? ಅದೇ ತಿಂಗಳು ಹುಡುಗ ಉಳಿದುಕೊಂಡಿದ್ದ ವಸತಿಗೃಹದ ನೀರಿನ ತೊಟ್ಟಿಯನ್ನು ಬಹುಕಾಲದ ಮೇಲೆ ಬಿಚ್ಚಿ ತೊಳೆಸಿದರು. ಅದರ ತಳದಲ್ಲಿದ್ದುದನ್ನು ನೋಡಿದ ಕೆಲಸಗಾರ ಎರಡು ದಿನ ಊಟ ಮಾಡಲಿಲ್ಲವಂತೆ. ರೋಗ ಅಲ್ಲಿಂದಲೇ ಬಂತೆಂದು ನಾನು ಹೇಳುತ್ತಿಲ್ಲ. ಪಾನಿಪುರಿಯಿಂದ ಬಂದಿರಲೂಬಹುದು. ಆದರೆ ನಾನು ತರಗತಿಯಲ್ಲಿ ತೀರ್ಪು ಕೊಟ್ಟಾಗ ನನ್ನ ಕೈಯಲ್ಲಿ ಯಾವ ಸಾಕ್ಷ್ಯವೂ ಇರಲಿಲ್ಲವೆಂಬುದು ನಿಜ.

ನಾನು ಮಾಡದ ಕೆಲಸವನ್ನು ಕಾಯಿದೆ ಮಾಡುತ್ತದೆ. ಅದಕ್ಕೇ ನನಗೆ ಈಗ ಕಾಯಿದೆಯ ಮೇಲೆ ಹೆಚ್ಚಿನ ಆದರ. ಆಹಾರ ಸುರಕ್ಷತಾಧಿಕಾರಿ ಗಾಡಿಯ ಮುಂದೆ ನಿಂತು ‘ಇದು ವಿಷ’ ಎಂದು ಕೂಗುವಂತಿಲ್ಲ. ಮಾದರಿಯನ್ನು ತೆಗೆದುಕೊಳ್ಳಬೇಕು, ಪುಕ್ಕಟೆಯಾಗಿ ಅಲ್ಲ, ಬೆಲೆ ಕೊಟ್ಟು. ಅದನ್ನು ನಾಲ್ಕು ಪಾಲು ಮಾಡಿ ಮುದ್ರೆಯೊತ್ತಬೇಕು. ಒಂದು ಪಾಲು ವಿಶ್ಲೇಷಕನಿಗೆ. ಎರಡು ಮೇಲಧಿಕಾರಿಯ ವಶಕ್ಕೆ. ನಾಲ್ಕನೆಯದನ್ನು ವ್ಯಾಪಾರಿ ಬಯಸಿದರೆ ಮನ್ನಣೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ. ವಿಶ್ಲೇಷಕನು 14 ದಿನಗಳೊಳಗೆ ವರದಿ ಕೊಡಬೇಕು. ಅದರ ಮೇಲೆ ಮನವಿಗೂ ಅವಕಾಶವುಂಟು. ತಿಂಡಿ ಅಂದೇ ಜನರ ಹೊಟ್ಟೆಯಲ್ಲಿ ಕರಗಿರುತ್ತದೆ, ಹದಿನಾಲ್ಕು ದಿನದ ಮೇಲೆ ಬರುವ ಕಾಗದದಿಂದ ಯಾರಿಗೆ ಗುಣವಾಯಿತು ಎಂದು ನನ್ನ ಸಹೋದ್ಯೋಗಿಯೊಬ್ಬರು, ವಿಜ್ಞಾನದವರು, ಹಾಸ್ಯಮಾಡಿದರು. ಅವರ ಮಾತು ಸುಳ್ಳಲ್ಲ. ಆದರೆ ಆ ಹದಿನಾಲ್ಕು ದಿನ ಕಾಯುವ ಸಹನೆ ನನಗಿದ್ದಿದ್ದರೆ, ಆ ಯುವಕ ಇನ್ನೂ ಅಲ್ಲಿರುತ್ತಿದ್ದನೋ ಏನೋ. ಅವನ ಹೆಸರನ್ನೂ ನಾನು ಕೇಳಿರಲಿಲ್ಲ.

ಗಾಡಿಯವನಿಗೆ ಆ ಜಾಗದಲ್ಲಿ ನಿಲ್ಲುವ ಹಕ್ಕೇ ಇಲ್ಲವೆಂದು ವಾದಿಸುವವರುಂಟು. ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ, ಕಾಲುದಾರಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನದ 19ನೆಯ ಅನುಚ್ಛೇದ ಕೊಟ್ಟ ವೃತ್ತಿಸ್ವಾತಂತ್ರ್ಯದೊಳಗೆ ಬರುತ್ತದೆಂದೂ, ಅದನ್ನು ಯುಕ್ತವಾದ ನಿಯಮಗಳಿಂದ ಹದ್ದಿನಲ್ಲಿಡಬಹುದೆಂದೂ ಹೇಳಿತು. ಜನರ ಆರೋಗ್ಯವನ್ನು ಕಾಯುವುದು ರಾಜ್ಯದ ಕರ್ತವ್ಯವೆಂದು ಅದೇ ಸಂವಿಧಾನದ 47ನೆಯ ಅನುಚ್ಛೇದ ಹೇಳುತ್ತದೆ. ಬೇವಿನ ಮರದ ಕೆಳಗೆ ಈ ಎರಡು ಅನುಚ್ಛೇದಗಳೂ ದಿನಾ ಸಂಜೆ ಪರಸ್ಪರ ಮುಖ ನೋಡಿಕೊಳ್ಳುತ್ತವೆ. 2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳಿಗಾಗಿಯೇ ಒಂದು ಕಾಯಿದೆ ಮಾಡಿತು. ಪಟ್ಟಣದ ಮಾರಾಟ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಎಬ್ಬಿಸುವ ಮೊದಲು 30 ದಿನಗಳ ತಿಳಿವಳಿಕೆ ಕೊಡಬೇಕು. ಸರಕನ್ನು ಜಫ್ತಿ ಮಾಡಿದರೆ, ಒಡೆಯ ಬಂದು ಕೇಳಿದಾಗ ಎರಡು ಕೆಲಸದ ದಿನಗಳಲ್ಲಿ ಹಿಂದಿರುಗಿಸಬೇಕು. ಕೆಡುವಂಥ ಸರಕಾದರೆ ಅದೇ ದಿನ. ಆ ಕಾಯಿದೆಯನ್ನು ಬರೆದವರಲ್ಲಿ ಯಾರೋ ಒಬ್ಬರಿಗೆ, ಕಲಸಿಟ್ಟ ಹಿಟ್ಟು ರಾತ್ರಿ ಕಳೆದರೆ ಹುಳಿಯಾಗುತ್ತದೆಂಬ ಅರಿವು ಇದ್ದಿರಬೇಕು. ‘ಅದೇ ದಿನ’ ಎಂಬ ಎರಡು ಪದಗಳಲ್ಲಿ ನನಗೆ ಕರುಣರಸ ಕಂಡಿತು. ಎಲ್ಲ ಊರುಗಳಲ್ಲಿಯೂ ಇದು ನಡೆಯುತ್ತಿದೆಯೆಂದು ಹೇಳುವ ಧೈರ್ಯ ನನಗಿಲ್ಲ.

ಮಧುರೆಯಲ್ಲಿ ಪಿಟ್ಟು ಮಾರುತ್ತಿದ್ದ ಮುದುಕಿಯೊಬ್ಬಳ ಕಥೆಯನ್ನು ತಮಿಳರ ತಿರುವಿಳೈಯಾಡಲ್ ಪುರಾಣ ಹೇಳುತ್ತದೆ. ನಮ್ಮ ವೀರಶೈವ ಪುರಾಣಗಳು ಅವಳನ್ನು ಪಿಟ್ಟವ್ವೆ ಎಂದು ಕರೆದು ತಮ್ಮವಳನ್ನಾಗಿ ಮಾಡಿಕೊಂಡಿವೆ. ವೈಗೈ ನದಿ ಉಕ್ಕಿ ಬಂದಾಗ ಪಾಂಡ್ಯರಾಜ ಮನೆಗೊಬ್ಬರಂತೆ ಬಂದು ದಂಡೆಗೆ ಮಣ್ಣು ಹಾಕಬೇಕೆಂದು ಆಜ್ಞೆ ಹೊರಡಿಸಿದ. ಆಜ್ಞೆ ನ್ಯಾಯವಾದದ್ದೇ, ಊರು ಉಳಿಯಬೇಡವೆ? ಆದರೆ ಮುದುಕಿಗೆ ಯಾರೂ ಇಲ್ಲ. ಆಗ ಶಿವನೇ ಕೂಲಿಯಾಳಾಗಿ ಬಂದು, ಉದುರಿದ ಪಿಟ್ಟೇ ಕೂಲಿಯೆಂದು ಒಪ್ಪಿ ಅವಳ ಪಾಲಿನ ಕೆಲಸಕ್ಕೆ ನಿಂತ. ನಿಂತವನು ಪಿಟ್ಟು ತಿಂದು ಮಲಗಿದ! ಮೇಲ್ವಿಚಾರಣೆಗೆ ಬಂದ ಅರಸ ಬೆತ್ತದಿಂದ ಬಾರಿಸಿದಾಗ ಆ ಏಟು ಅರಸನ ಬೆನ್ನಿನ ಮೇಲೂ ಊರಿನವರೆಲ್ಲರ ಬೆನ್ನಿನ ಮೇಲೂ ಬಿತ್ತೆಂದು ಕಥೆ. ತರಗತಿಯಲ್ಲಿ ಇದನ್ನು ನಾನು ಭಕ್ತಿಯ ನಿದರ್ಶನವೆಂದೇ ಹೇಳಿಕೊಂಡು ಬಂದಿದ್ದೆ. ಈಚೆಗೆ ಹೇಳುವಾಗ, ಅದು ಆಡಳಿತವನ್ನು ಕುರಿತ ಕಥೆಯೂ ಹೌದೆಂದು ತೋರುತ್ತದೆ. ಅರಸನ ಅಪ್ಪಣೆ ಎಲ್ಲರಿಗೂ ಸಮನಾಗಿತ್ತು. ಅದನ್ನು ಪಾಲಿಸುವ ಶಕ್ತಿ ಎಲ್ಲರಿಗೂ ಸಮನಾಗಿರಲಿಲ್ಲ.

ಹೋದ ತಿಂಗಳು ಒಂದು ಸಂಜೆ ಅಕ್ಕ ನನ್ನನ್ನು ಕರೆದಳು. ಗಾಡಿಯ ಕಂಬಕ್ಕೆ ಪ್ಲಾಸ್ಟಿಕ್ಕಿನೊಳಗಿಟ್ಟ ಒಂದು ಕಾಗದ ತೂಗುತ್ತಿತ್ತು. ನೋಂದಣಿಯ ಪ್ರಮಾಣಪತ್ರ. ಮಗ ಕಂಪ್ಯೂಟರ್ ಅಂಗಡಿಗೆ ಹೋಗಿ ಮಾಡಿಸಿಕೊಂಡು ಬಂದಿದ್ದನಂತೆ. ಸರಕಾರಕ್ಕಿಂತ ಅಂಗಡಿಯವನಿಗೆ ಸಂದದ್ದೇ ಹೆಚ್ಚೆಂದು ಆಕೆ ಗೊಣಗಿದಳು; ಆದರೆ ಗೊಣಗುವಾಗಲೂ ಕಾಗದದ ಮೇಲಿನ ಹಿಟ್ಟಿನ ಹನಿಯನ್ನು ಸೆರಗಿನಿಂದ ಒರೆಸಿದಳು.

“ಇಂಗ್ಲಿಷ್‌ನಲ್ಲಿ ಐತೆ ಮೇಷ್ಟ್ರೆ. ಏನು ಬರ್ದವ್ರೆ, ಒಂದೀಟು ಓದಿ ಹೇಳಿ.”

ಓದಿದೆ. ಆಕೆಯ ಹೆಸರು, ವಿಳಾಸ, ವ್ಯಾಪಾರದ ಬಗೆ, ಹದಿನಾಲ್ಕು ಅಂಕಿಗಳ ಒಂದು ಸಂಖ್ಯೆ. ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ತನ್ನ ಹೆಸರು ಬಂದಾಗ ಆಕೆ ಸೌಟು ಕೆಳಗಿಟ್ಟು ಕೇಳಿದಳು.

“ನೀರಿಂದು ಏನಾದ್ರೂ ಬರ್ದವ್ರಾ?”

“ಇದರಲ್ಲಿ ಇಲ್ಲಮ್ಮ” ಎಂದೆ.

“ಹಂಗಾದ್ರೆ ಒಂದು ಗಳಿಗೆ ನಿಂತ್ಕಳಿ, ಬಂದ್ಬಿಟ್ಟೆ. ಕರಿಯಾಕಾಗದಂಗೆ ನೋಡ್ಕಳಿ” ಎಂದು ಸೌಟನ್ನು ನನ್ನ ಕೈಗೆ ಕೊಟ್ಟು, ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಂಡು ಕೊಳಾಯಿಯ ಕಡೆಗೆ ನಡೆದುಬಿಟ್ಟಳು. ಬಾಣಲೆಯಲ್ಲಿ ಎಂಟು ಮಿರ್ಚಿಗಳು ಬೇಯುತ್ತಿದ್ದವು. ಒಂದೊಂದನ್ನೇ ಮಗುಚಿಹಾಕುತ್ತ ನಿಂತಿದ್ದೆ. ಅಷ್ಟರಲ್ಲಿ ಕೊನೆಯ ಗಂಟೆ ಬಾರಿಸಿತು, ಎರಡನೆಯ ಬಿ.ಎ. ತರಗತಿ ಹೆಬ್ಬಾಗಿಲಿನಿಂದ ಹೊರಬಂತು.

“ಸಾರ್, ಎರಡು ಮಿರ್ಚಿ” ಎಂದ ಮುಂದಿದ್ದ ಹುಡುಗ, ಗಂಭೀರವಾದ ಮುಖ ಮಾಡಿಕೊಂಡು. ಹಿಂದಿನವರು ನಗು ತಡೆದುಕೊಳ್ಳುತ್ತಿದ್ದರು.

ನಾನು ಹಾಳೆಗಾಗಿ ಗಾಡಿಯ ಮೇಲೆಲ್ಲ ಹುಡುಕಿದೆ. ವೃತ್ತಪತ್ರಿಕೆ ಇರಲಿಲ್ಲ, ಮುತ್ತುಗದ ಎಲೆಯ ಕಟ್ಟೊಂದಿತ್ತು.

“ಕೈ ತೊಳೆದುಕೊಂಡು ಬಂದಿದ್ದೀಯೇನಪ್ಪ?” ಎಂದೆ.

“ಎಲ್ಲಿ ಸಾರ್ ತೊಳೆಯೋದು?” ಎಂದ ಹುಡುಗ.